ಮೇಕೆಗೆ ಹೆದರಿದ ಗಿಡ

ಕಲ್ಲುಗುಡ್ಡದ ಮೇಲೆ ಬೇಸಿಗೆಯಲ್ಲೂ ಹಸಿರು ಮಾಸದ ಒಂದು ಪೊದೆಗಿಡವಿತ್ತು. ಅದರ ಜಾತಿ ಬೇರೆಲ್ಲೂ ಇರಲಿಲ್ಲ. ಆ ಗುಡ್ಡದಲ್ಲೂ ಉಳಿದದ್ದು ಎರಡೇ: ಈ ತಾಯಿ, ಬಂಡೆಯಾಚೆ ಅದರ ಮಗಳು.

ತಾಯಿಗಿಡಕ್ಕೆ ಮೇಕೆಯೆಂದರೆ ಜೀವಭಯ. ಮೇಕೆ ದಿನವೂ ಬಂದು ಬುಡದ ಹುಲ್ಲು ಮೇಯ್ದು, ಹೋಗುವಾಗ ನಾಲ್ಕು ಚಿಗುರು ಕಚ್ಚುತ್ತಿತ್ತು. ಗೊರಸಿನ ಸದ್ದು ಕೇಳಿದರೇ ಗಿಡದ ಎಲೆಗಳು ನಡುಗುತ್ತಿದ್ದವು.

ಎಲ್ಲಿಂದಲೋ ಬಂದು ಗುಡ್ಡ ಹತ್ತಿದ್ದ ಲಂಟಾನವೆಂಬ ಮುಳ್ಳುಪೊದೆ ಇದನ್ನು ನೋಡಿತು. "ತಂಗೀ, ನನ್ನ ಮುಳ್ಳಿಗೆ ಮೇಕೆ ಮೂತಿ ಇಡುವುದಿಲ್ಲ. ನಿನ್ನ ಸುತ್ತ ನಿಲ್ಲಲೇ?"

"ನಿಲ್ಲಕ್ಕಾ, ಬೇಗ ನಿಲ್ಲು," ಎಂದಿತು ಗಿಡ.

ಲಂಟಾನ ಸುತ್ತುಗಟ್ಟಿತು. ಮೇಕೆ ಬರುವುದು ನಿಂತಿತು. ಬೇಲಿಯೊಳಗೆ ಹುಲ್ಲು ಎತ್ತರಕ್ಕೆ ಬೆಳೆದು ಒಣಗಿತು.

ಮಳೆಗೆ ಮುಂಚೆ, ಹೊಸ ಹುಲ್ಲು ಬರಲೆಂದು, ಊರಿನವರು ವಾಡಿಕೆಯಂತೆ ಗುಡ್ಡಕ್ಕೆ ಬೆಂಕಿಯಿಟ್ಟರು. ಹೊಗೆ ಕಂಡು ಗಿಡ ಕೂಗಿತು: "ಪ್ರತಿ ವರ್ಷ ಬೆಂಕಿ ನನ್ನನ್ನು ಬಿಟ್ಟು ಹೋಗುತ್ತಿತ್ತು. ಈ ಸಲ ಯಾಕೆ ಇತ್ತಲೇ ಬರುತ್ತಿದೆ?"

ಬಂಡೆಯ ಮೇಲಿದ್ದ ಮೇಕೆ ಹೇಳಿತು: "ಪ್ರತಿ ವರ್ಷ ನಿನ್ನ ಬುಡದಲ್ಲಿ ಸುಡುವುದಕ್ಕೆ ಏನೂ ಇರುತ್ತಿರಲಿಲ್ಲ ತಾಯಿ. ನಾನು ಮೇಯುತ್ತಿದ್ದೆ."

"ಈಗಲಾದರೂ ಬಂದು ಮೇದುಬಿಡು!"

"ನಿನ್ನ ಬೇಲಿ ಬಿಡಬೇಕಲ್ಲ."

ಗಿಡ ಲಂಟಾನದ ಕಡೆ ತಿರುಗಿತು. "ಅಕ್ಕಾ, ನಿನಗೆ ಹೆದರಿಕೆಯಿಲ್ಲವೇ?"

"ನನಗೇನು? ಸುಟ್ಟರೆ ಬೇರಿನಿಂದ ಮತ್ತೆ ಬರುತ್ತೇನೆ," ಎಂದಿತು ಲಂಟಾನ.

ಮೊದಲ ಮಳೆಗೆ ಅದು ಬೂದಿಯೊಳಗಿಂದ ಚಿಗುರಿತು. ಪಕ್ಕದಲ್ಲಿ ಕರಿಯ ಮೋಟೊಂದು ನಿಂತಿತ್ತು. ಲಂಟಾನ ಅದನ್ನು ದಾಟಿ ಕೊಂಬೆ ಚಾಚಿ, ಬಂಡೆಯಾಚೆ ಗೊರಸಿನ ಸದ್ದಿಗೆ ನಡುಗುತ್ತಿದ್ದ ಮಗಳನ್ನು ಮೆಲ್ಲಗೆ ಕೇಳಿತು: "ನಿನಗೂ ಮೇಕೆಯ ಕಾಟವೇ, ಮಗಳೇ?"