ಬಟ್ಟೆ ಅಂಗಡಿಯ ಗೋದಲಿ

"ಗುರುಗಳೇ, ಇನ್ನು ಕೆಲವು ವರ್ಷ ಹೋದರೆ ಕ್ರಿಸ್‌ಮಸ್ ಹಬ್ಬದಲ್ಲಿ ಕ್ರಿಸ್ತ ಉಳಿದಿರುತ್ತಾನೆಯೇ?" ಎಂದು ಸಿಪ್ರಿಯನ್ ಕೇಳಿದ. ಗುರುಮಠದಲ್ಲಿ ಓದು ಮುಗಿಸಿ, ಪಾದ್ರಿಯಾಗುವ ದಿನಕ್ಕೆ ಕಾಯುತ್ತಿದ್ದವನು ಅವನು. "ಊರೆಲ್ಲ ನಕ್ಷತ್ರ ತೂಗುಹಾಕುತ್ತದೆ, ಕೇಕು ತಿನ್ನುತ್ತದೆ. ಪೂಜೆಗೆ ಬರುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ನಾಳೆ ನಾನು ಯಾರಿಗಾಗಿ ಪೀಠದ ಮುಂದೆ ನಿಲ್ಲಲಿ?"

ಗುರುಗಳ ಬಾಯಲ್ಲಿ ಆಗ ಕೇಕಿನ ಚೂರಿತ್ತು. ಅದನ್ನು ನಿಧಾನವಾಗಿ ನುಂಗಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನು ಕ್ರೈಸ್ತನಲ್ಲ. ಆದರೂ ಆ ವರ್ಷ ಅಂಗಡಿಯ ಗಾಜಿನ ಹಿಂದೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕಟ್ಟಿದ. ಅದರಲ್ಲಿ ಕುರಿ, ದನಗಳಿದ್ದವು. ಚಂದ ಕಾಣಲಿ ಎಂದು ಒಂದು ಆನೆಯನ್ನೂ ನಿಲ್ಲಿಸಿದ್ದ. ಮರಿಯಮ್ಮ, ಜೋಸೆಫರ ನಡುವೆ ಹುಲ್ಲು ಹಾಸಿದ ಗೋದಲಿ, ಅಂದರೆ ಕೂಸು ಯೇಸುವನ್ನು ಮಲಗಿಸುವ ಮೇವಿನ ತೊಟ್ಟಿ. ಗೋದಲಿಯಲ್ಲಿ ಮಗು ಮಾತ್ರ ಇರಲಿಲ್ಲ.

ಹಬ್ಬ ಕಳೆದು ಮೂರು ದಿನವಾದರೂ ಅದು ಖಾಲಿಯೇ ಇತ್ತು. ಆ ಊರ ಚರ್ಚಿನ ಹಿರಿಯನೊಬ್ಬ ಅದನ್ನು ಕಂಡ. ಈ ಸಲದ ಪೂಜೆಯಲ್ಲಿ ಅರ್ಧ ಬೆಂಚುಗಳು ಖಾಲಿ ಬಿದ್ದಿದ್ದನ್ನು ನೋಡಿ ಅವನು ಮೊದಲೇ ಸಿಟ್ಟಾಗಿದ್ದ. ಇದನ್ನು ಈಗಲೇ ತೆಗೆಸಬೇಕು, ತೆಗೆಯದಿದ್ದರೆ ನಮ್ಮವರು ಯಾರೂ ಈ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದುಕೊಂಡು ಒಳಗೆ ನುಗ್ಗಿದ.

"ಆನೆಗೆ ಜಾಗ ಇದೆ, ದೇವರಿಗಿಲ್ಲವೇನಯ್ಯಾ? ಇದು ಎಂಥ ಹಬ್ಬ?" ಎಂದು ಗದರಿದ.

ವ್ಯಾಪಾರಿ ಗಾಬರಿಯಿಂದ ಎದ್ದು ನಿಂತ. "ನಿಮ್ಮ ಚರ್ಚಲ್ಲಿ ನೋಡಿಯೇ ಕಟ್ಟಿದ್ದು ಯಜಮಾನ್ರೇ. ಹಬ್ಬಕ್ಕೆ ಮುಂಚೆ ಪರದೆ ಬಟ್ಟೆ ಕೊಡೋಕೆ ಬಂದಿದ್ದೆ. ಅಲ್ಲೂ ಗೋದಲಿ ಖಾಲಿ ಇತ್ತು. ಯಾಕೆ ಅಂತ ಕೇಳಿದೆ. ಮಗು ಇನ್ನೂ ಬಂದಿಲ್ಲ, ಬಂದ ಮೇಲೆ ಊರಿಗೆಲ್ಲ ಹೇಳ್ತೀವಿ ಅಂದ್ರು. ದೇವರ ವಿಷಯ, ನಾವಾಗಿ ಕೈ ಹಾಕಬಾರದು ಅಂತ ಕಾಯ್ತಾ ಇದೀನಿ. ದಿನಾ ಬೆಳಿಗ್ಗೆ ಹುಲ್ಲು ಬದಲಾಯಿಸ್ತೀನಿ."

ಹಿರಿಯನ ದನಿ ತಗ್ಗಿತು. "ಹಬ್ಬದ ರಾತ್ರಿಯೇ ಚರ್ಚಲ್ಲಿ ಮಗು ಇಟ್ವಿ. ಹುಟ್ಟಿ ಮೂರು ದಿನ ಆಯ್ತಲ್ಲಯ್ಯಾ."

"ಆಯ್ತಾ? ಈ ಮೂರು ದಿನದಲ್ಲಿ ನಿಮ್ಮವರು ಎಷ್ಟೊಂದು ಜನ ಬಂದಿದ್ರು. ಅಂಗಿ ಬಿಗಿಯಾಯ್ತು, ಲಂಗ ಉದ್ದ ಆಯ್ತು ಅಂತ ಬದಲಾಯಿಸ್ಕೊಂಡು ಹೋದ್ರು. ಒಬ್ಬರೂ ಹೇಳಲಿಲ್ಲ ನೋಡಿ."

ಹಾಗೆಂದವನೇ ಒಳಕ್ಕೆ ಕೂಗಿ ಹೆಂಡತಿಯನ್ನು ಕರೆದ. ಪಕ್ಕದ ಮಿಠಾಯಿ ಅಂಗಡಿಯಿಂದ ಪೇಡ ತರಿಸಿದ. ಮನೆಯಲ್ಲೇ ಕೂಸು ಹುಟ್ಟಿದೆಯೇನೋ ಎನ್ನುವಂತೆ, ಬಟ್ಟೆ ನೋಡಲು ಬಂದವರಿಗೆಲ್ಲ ಹಂಚಿದ. ಮೊದಲ ಪೇಡ ಹಿರಿಯನ ಕೈಗೇ ಬಿತ್ತು. ಬೈಯಲು ಬಂದವನು ಬಾಯಿ ಸಿಹಿ ಮಾಡಿಕೊಂಡು, ನಗಲೂ ಆಗದೆ ಅಳಲೂ ಆಗದೆ ಅಲ್ಲೇ ಕುಳಿತ.

ಗುರುಗಳು ಕತೆ ನಿಲ್ಲಿಸಿದರು. ಸಿಪ್ರಿಯನ್ ನಗುತ್ತಿದ್ದ. "ಪಾಪ, ಆ ಹಿರಿಯ" ಎಂದ.

"ಹುಲ್ಲು ಹಾಸಿ ಕಾಯುವವರು ಊರಲ್ಲಿ ಬೇಕಾದಷ್ಟಿದ್ದಾರೆ ಕಣಪ್ಪ, ಸುದ್ದಿ ಹೇಳಬೇಕಾದ ನೀನು ಇಲ್ಲಿ ಕೂತು ಹಬ್ಬ ಹಾಳಾಯಿತು ಅನ್ನುತ್ತಿದ್ದೀಯ" ಎಂದರು ಗುರುಗಳು.