ಊಟ ಆಯ್ತಾ ಎಂದು ಕೇಳಿದ ವರ್ತಕ

"ಬುದ್ಧೀ, ಹಸಿದವರಿಗೆ ಅನ್ನ ಹಾಕುವುದು ಧರ್ಮ, ಒಪ್ಪಿದೆ. ಹೊಟ್ಟೆ ತುಂಬಿದವರಿಗೂ ಹಾಕುವುದು ಯಾವ ಧರ್ಮ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುವವನು. ಮಠದ ಶಾಲೆಗೆ ಬರುವ ಮಕ್ಕಳಿಗೆಲ್ಲ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ. ಕೂಲಿಯವರ ಮಗುವಿಗೂ ಉಂಟು, ಪಟೇಲರ ಮಗುವಿಗೂ ಉಂಟು. ಪಟೇಲರ ಮನೆಯಲ್ಲಿ ತುಪ್ಪದ ಗಡಿಗೆಗಳು ಸಾಲಾಗಿ ಕೂತಿರುವುದನ್ನು ಶಿಷ್ಯ ಕಣ್ಣಾರೆ ಕಂಡಿದ್ದ. ಆ ಮನೆಯ ಮಗು ಎಲೆಯ ಮುಂದೆ ಕೂತು ಎರಡನೆಯ ಸಲ ಸಾರು ಕೇಳಿದಾಗ ಅವನ ಸೌಟು ಅರ್ಧ ದಾರಿಯಲ್ಲೇ ನಿಂತಿತ್ತು.

"ಅಪ್ಪಣೆಯಾದರೆ ನಾಳೆಯಿಂದ ನಾನೇ ಬಾಗಿಲಲ್ಲಿ ನಿಲ್ಲುತ್ತೇನೆ. ಒಬ್ಬೊಬ್ಬರನ್ನೇ ಕೇಳಿ, ಇಲ್ಲದವರನ್ನು ಮಾತ್ರ ಒಳಗೆ ಬಿಡುತ್ತೇನೆ."

ಗುರುಗಳು ನಕ್ಕರು. "ಹಾಗೆ ಬಾಗಿಲಲ್ಲಿ ನಿಂತವನೊಬ್ಬ ನನಗೆ ಗೊತ್ತು. ಕೂತುಕೋ ಮಗು," ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಹೆಸರು ಬೇಡ, ಅವನ ಮನೆಯವರು ಇಂದಿಗೂ ಬೆಲ್ಲ ಮಾರುತ್ತಿದ್ದಾರೆ, ಒಳ್ಳೆಯ ಬೆಲ್ಲ. ಅವನದು ಅವಸರದ ಜೀವ. ಸಂತೋಷವಾದರೆ ಕೂರಲಾರ, ಸಂಕಟವಾದರೆ ನಿಲ್ಲಲಾರ. ಒಳ್ಳೆಯ ಸುದ್ದಿ ಒಂದು ಕಿವಿಗೆ ಬಿದ್ದರೆ ಸಾಕು, ಹೆಗಲ ಮೇಲಿನ ವಸ್ತ್ರ ಜಾರಿದ್ದೂ ತಿಳಿಯದೆ ಬೀದಿಯುದ್ದ ಓಡುವನು. ಊರ ನಾಯಿಗಳಿಗೂ ಅದು ರೂಢಿಯಾಗಿತ್ತು. ಅವನು ಓಡಿದರೆ ಬೊಗಳುತ್ತಿರಲಿಲ್ಲ.

ಅವನಿಗೆ ಓದು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಹೋದದ್ದುಂಟು. ಖಾಲಿ ಹೊಟ್ಟೆಯಲ್ಲಿ ಪಾಠ ನಿಲ್ಲಲಿಲ್ಲ, ಬಿಟ್ಟುಬಿಟ್ಟ. ಮುಂದೆ ಬೆಲ್ಲ ಕೈ ಹಿಡಿಯಿತು, ಮನೆ ತುಂಬಿತು, ಓದೊಂದು ಬರಲಿಲ್ಲ. ಆ ಕೊರಗು ಹೋಗಲಿಲ್ಲ. ಶಾಲೆಯ ಹಾದಿಯಲ್ಲಿ ಹೋಗುವಾಗಲೆಲ್ಲ ಕಿಟಕಿಯ ಕೆಳಗೆ ನಿಂತು ಕೇಳುವನು. ಅಲ್ಲಿ ಕುಂಬಾರರ ಹುಡುಗಿಯೊಬ್ಬಳು ಓದುತ್ತಿದ್ದಳು. ಅವಳು ಬಾಯಿ ತೆರೆದರೆ ಬೀದಿಗೆಲ್ಲ ಕೇಳುತ್ತಿತ್ತು. ವರ್ತಕನಿಗೆ ಅರ್ಥವಾಗಲಿ ಬಿಡಲಿ, ಅವಳ ದನಿ ಕೇಳಿದ ದಿನ ಅಂಗಡಿಗೆ ಬಂದವರಿಗೆಲ್ಲ ತೂಕದ ಮೇಲೆ ಒಂದು ಚೂರು ಬೆಲ್ಲ ಹೆಚ್ಚಿಗೆ ಸಿಗುತ್ತಿತ್ತು.

ಒಂದು ದಿನ ಅವಳ ದನಿ ಇಲ್ಲ. ವರ್ತಕ ಕಾದ. ಆಮೇಲೆ ತಡೆಯಲಾರದೆ ಒಳಗೆ ನುಗ್ಗಿ ಉಪಾಧ್ಯಾಯರನ್ನು ಕೇಳಿದ.

"ಹಸಿದಿದ್ದಾಳೆ, ಗೋಡೆಗೆ ಒರಗಿಬಿಟ್ಟಿದ್ದಾಳೆ," ಎಂದರು ಉಪಾಧ್ಯಾಯರು. "ಅಪ್ಪ ತೀರಿಕೊಂಡ, ಮನೆಯಲ್ಲಿ ಮಡಕೆ ಮಾಡುವ ತಿಗರಿ ನಿಂತಿದೆ. ತಾಯಿ ಅವರಿವರ ಅಂಗಳದಲ್ಲಿ ಮಣ್ಣು ತುಳಿಯುತ್ತಾಳೆ. ಇವಳನ್ನೂ ಶಾಲೆ ಬಿಡಿಸಿ ಅಲ್ಲಿಗೇ ಕರೆದುಕೊಂಡು ಹೋಗುವವಳಿದ್ದಾಳೆ. ಅಲ್ಲಾದರೆ ಮಗುವಿನ ಕೈಗೊಂದು ಮುದ್ದೆಯಾದರೂ ಬೀಳುತ್ತದೆ."

ತಾನು ಬಿಟ್ಟ ಜಾಗದಲ್ಲೇ ಅವಳೂ ಬಿಡುವುದೇ? ವರ್ತಕ ನಿಂತ ನಿಲುವಿನಲ್ಲೇ ಆಣೆಯಿಟ್ಟ: "ಇನ್ನು ಈ ಶಾಲೆಯಲ್ಲಿ ಒಂದು ಮಗುವೂ ಹಸಿದು ಕೂರಬಾರದು. ಕೂತದ್ದೇ ಆದರೆ ನಾನು ಮತ್ತೆ ತಕ್ಕಡಿ ಮುಟ್ಟುವವನಲ್ಲ!"

ಮರುದಿನ ಹೊತ್ತು ಮೂಡುವ ಮೊದಲೇ ಶಾಲೆಯ ಹಿತ್ತಲಲ್ಲಿ ಒಲೆ ಹೂಡಿಸಿದ. ಬೆಳಿಗ್ಗೆ ರಾಗಿ ಗಂಜಿ, ನೆಂಚಿಕೊಳ್ಳಲು ಬೆಲ್ಲ. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ. ಮಕ್ಕಳೆಲ್ಲ ಬಂದರು. ಇದ್ದವರೂ ಬಂದರು, ಇಲ್ಲದವರೂ ಬಂದರು. ವರ್ತಕ ಸಾಲಿನ ಈ ತುದಿಯಿಂದ ಆ ತುದಿಗೆ ಓಡಿದ. "ಹಾಕ್ರೋ, ಇನ್ನೊಂದು ಸೌಟು ಹಾಕ್ರೋ! ಆ ಮೂಲೆಗೆ ಮಜ್ಜಿಗೆ ಬಂದಿಲ್ಲ!" ಎಂದು ಗಂಟಲು ಕಟ್ಟುವ ತನಕ ಕೂಗಿದ. ನಾಲ್ಕಾರು ದಿನ ಕಳೆಯುವುದರೊಳಗೆ ಕುಂಬಾರರ ಹುಡುಗಿಯ ದನಿ ಮತ್ತೆ ಬೀದಿಗೆ ಬಂತು. ಅಂದು ವರ್ತಕ ಅಂಗಡಿಯಲ್ಲಿ ತೂಗಿದ್ದಕ್ಕಿಂತ ಹಂಚಿದ್ದೇ ಹೆಚ್ಚು.

ಒಳ್ಳೆಯದು ನಡೆಯುವ ಕಡೆ ಬುದ್ಧಿ ಹೇಳುವವರಿಗೆ ಬರವೇ? ಊರ ಯಜಮಾನನೊಬ್ಬ ಚಾವಡಿಯ ಕಟ್ಟೆಯಿಂದ ಅವನನ್ನು ಕೂಗಿ ಕರೆದ.

"ಏನ್ ಶೆಟ್ರೇ, ನೀವು ಹಸಿದೋರಿಗೆ ಹಾಕ್ತಿದ್ದೀರೋ, ಉಂಡೋರಿಗೆ ಹಾಕ್ತಿದ್ದೀರೋ? ನನ್ನ ಮೊಮ್ಮಗ ಮನೇಲಿ ರೊಟ್ಟಿ ತಿಂದು ಬಂದು ನಿಮ್ಮ ಗಂಜೀನೂ ಕುಡೀತಾನೆ. ಉಂಡೋರಿಗೆ ಉಣ್ಸೋದೂ ಒಂದೇ, ಬೋಳುತಲೆಗೆ ಎಣ್ಣೆ ಹಚ್ಚೋದೂ ಒಂದೇ."

"ಮತ್ತೇನ್ ಮಾಡ್ಲಿ ಯಜಮಾನ್ರೇ?"

"ಕೇಳಿ ಒಳಗೆ ಬಿಡಿ. ಬಾಯಿಲ್ವಾ ನಿಮಗೆ?"

ವರ್ತಕನಿಗೆ ಅದು ಸರಿಯೆನ್ನಿಸಿತು. ಹಸಿದವರ ಪಾಲನ್ನು ತಾನೇ ಕಿತ್ತು ಉಂಡವರ ಎಲೆಗೆ ಹಾಕುತ್ತಿದ್ದೇನೆಯೇ ಎಂದು ಹೆದರಿಕೆಯೂ ಆಯಿತು. ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಿಂತ. ಬಂದ ಪ್ರತಿ ಮಗುವನ್ನೂ ನಗುನಗುತ್ತಾ, ತಲೆ ಸವರಿ ಕೇಳಿದ: "ಊಟ ಆಯ್ತಾ, ಮಗಾ?" ಆಯ್ತು ಎಂದವರು ನೇರ ಪಾಠಕ್ಕೆ. ಇಲ್ಲ ಎಂದವರು ಹಿತ್ತಲಿಗೆ. ಮಧ್ಯಾಹ್ನವೂ ಅವರಿಗೇ ಎಲೆ. ಅಷ್ಟೇ ಕಟ್ಟಳೆ.

ಮೊದಲ ದಿನ ಕೆಲವು ಪುಟ್ಟ ಮಕ್ಕಳು ಇಲ್ಲ ಎಂದವು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಮಾರನೆಯ ದಿನ ಆ ಪುಟ್ಟವುಗಳಲ್ಲೂ ಕೆಲವು ಆಯ್ತು ಎಂದವು. ಕುಂಬಾರರ ಹುಡುಗಿಯಂತೂ ಮೊದಲ ದಿನವೇ ತಲೆಯೆತ್ತಿ, ಎಲ್ಲರಿಗಿಂತ ಗಟ್ಟಿಯಾಗಿ ಆಯ್ತು ಎಂದಳು. ವರ್ತಕ ಹಿಗ್ಗಿಹೋದ. ಅಬ್ಬಾ, ಅವರ ಮನೆಯಲ್ಲೂ ಒಲೆ ಉರಿಯಿತು!

ದಿನ ಕಳೆದಂತೆ ಸಾಲು ಚಿಕ್ಕದಾಯಿತು. ಆ ಹುಡುಗಿಯ ದನಿಯೂ ಚಿಕ್ಕದಾಯಿತು. ಅದು ವರ್ತಕನ ಕಿವಿಗೆ ಬೀಳದೆ ಇರಲಿಲ್ಲ. "ವಿದ್ಯೆ ಹತ್ತಿತು ನೋಡು, ಗಾಂಭೀರ್ಯ ಬಂತು. ತುಂಬಿದ ಕೊಡ ತುಳುಕುವುದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಕಿಟಕಿಯ ಕೆಳಗೆ ತಲೆದೂಗಿದ.

ಕೊನೆಗೆ ಒಂದು ಬೆಳಿಗ್ಗೆ ಹಿತ್ತಲಿಗೆ ಯಾರೂ ಬರಲಿಲ್ಲ. ಗಂಜಿ ಹಂಡೆಯಲ್ಲೇ ಕೆನೆಗಟ್ಟಿತು. ವರ್ತಕ ಖಾಲಿ ಜಾಗವನ್ನು ನೋಡಿದ. ಅವನ ಕಣ್ಣಲ್ಲಿ ಆನಂದದ ನೀರು ಬಂತು. ತನ್ನ ಆಣೆ ನೆರವೇರಿತು! ಕೇಳಿದರೆ ಒಂದು ಮಗುವೂ ಹಸಿದಿಲ್ಲ! ಒಲೆ ಆರಿಸಲು ಹೇಳಿದ. ತಮಟೆಯವನನ್ನು ಕರೆಸಿ, "ಹಸಿವು ಊರು ಬಿಟ್ಟು ಓಡಿತು ಅಂತ ಬೀದಿ ಬೀದಿಗೆ ಸಾರು," ಎಂದ. ಅದೂ ಸಾಲದೆ ಬೆಲ್ಲದ ಬುಟ್ಟಿಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಮನೆಮನೆಗೂ ಹಂಚಲು ಹೊರಟ. ಹೆಂಡತಿ ಬಡಿಸಿಟ್ಟ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಹಸಿವು ಓಡಿಹೋದ ದಿನ ಕೂತು ಉಣ್ಣಲು ಯಾರಿಗೆ ಪುರಸೊತ್ತು?

ಊರೆಲ್ಲ ಸುತ್ತಿ ಕುಂಬಾರಗೇರಿಗೆ ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ವರ್ತಕನ ಹೊಟ್ಟೆ ಚುರುಗುಟ್ಟುತ್ತಿತ್ತು. ಆ ಹುಡುಗಿಯ ತಾಯಿ ಅಂದು ಕೆಲಸ ಸಿಗದೆ ಮನೆಯಲ್ಲೇ ಇದ್ದಳು. ಅವನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ಮಣೆ ಹಾಕಿದಳು.

"ಬನ್ನಿ ಶೆಟ್ರೇ, ಕೂತ್ಕಳಿ. ಊಟ ಆಯ್ತಾ?"

"ಆಯ್ತು ತಾಯಿ, ಆಯ್ತು. ಈಗ್ತಾನೇ ಆಯ್ತು," ಎಂದ ವರ್ತಕ.

ಅಷ್ಟರಲ್ಲಿ ಅವನ ಹೊಟ್ಟೆ ಗುರ್ರೆಂದಿತು. ಇಬ್ಬರಿಗೂ ಕೇಳಿತು. ಆಕೆ ನೆಲ ನೋಡಿದಳು. ವರ್ತಕ ಒಳಗೆ ನೋಡಿದ. ಒಲೆಯ ಬೂದಿಯಲ್ಲಿ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು.

ಅವನು ನಿಂತೇ ಇದ್ದ. ತಾನು ಇಲ್ಲ ಎಂದಿದ್ದರೆ ಈಕೆ ಏನು ಬಡಿಸುತ್ತಿದ್ದಳು? ಆದರೂ ಕೇಳಿದಳು. ಕೇಳದೆ ಇರುವುದುಂಟೇ? ತಾನು ಹಸಿದಿದ್ದ, ಆದರೂ ಆಯ್ತು ಎಂದ. ಹಾಗಲ್ಲದೆ ಮತ್ತೇನು ಎನ್ನುವುದುಂಟೇ? ನಮ್ಮ ಸೀಮೆಯಲ್ಲಿ ಬಾವಿಕಟ್ಟೆಯಲ್ಲಿ ಕೇಳಿದರೂ ಆಯ್ತು, ಸಂತೆಯಲ್ಲಿ ಕೇಳಿದರೂ ಆಯ್ತು, ಎರಡು ದಿನ ಉಪವಾಸ ಬಿದ್ದವನನ್ನು ಕೇಳಿದರೂ ಆಯ್ತು. ಆ ಮಾತಿಗೆ ಇಲ್ಲ ಎಂದರೆ ಕೈಯೊಡ್ಡಿದ ಹಾಗೆ. ಯಾರೂ ಇಲ್ಲ ಎನ್ನದ ಆ ಒಂದು ಮಾತನ್ನು ತಾನು ಆರಿಸಿ ಆರಿಸಿ ಮಕ್ಕಳ ಬಾಗಿಲಿಗೆ ಕಾವಲು ಹಾಕಿದ್ದ!

"ತಾಯಿ, ಮಗಳು ಬೆಳಿಗ್ಗೆ ಏನು ಉಂಡು ಬಂದಳು?" ಎಂದು ಕೇಳಿದ.

"ಉಂಡವಳೆ ಸ್ವಾಮಿ," ಎಂದಳು ಆಕೆ, ನೆಲದಿಂದ ಕಣ್ಣೆತ್ತದೆ. ಸ್ವಲ್ಪ ತಡೆದು, "ನಾಳೆಯಿಂದ ಅವಳು ಶಾಲೆಗೆ ಬರಾಕಿಲ್ಲ. ನನ್ ಜೊತೆ ಮಣ್ಣು ತುಳಿಯಾಕೆ ಬತ್ತಾಳೆ," ಎಂದಳು.

ವರ್ತಕ ಬುಟ್ಟಿಯನ್ನು ಅಲ್ಲೇ ಇಳಿಸಿದ. "ನಾಳೆ ಒಂದು ದಿನ ಕಳಿಸು ತಾಯಿ. ಕೈ ಮುಗೀತೀನಿ," ಎಂದವನೇ ಓಡಿದ. ಅಂಥ ಓಟವನ್ನು ಊರು ಅದುವರೆಗೆ ಕಂಡಿರಲಿಲ್ಲ. ವಸ್ತ್ರ ಒಂದು ಕಡೆ, ಮೆಟ್ಟು ಒಂದು ಕಡೆ. ಬೀದಿಯ ತಿರುವಿನಲ್ಲಿ ತಮಟೆಯವನು ಇನ್ನೂ ಸಾರುತ್ತಿದ್ದ. "ನಿಲ್ಸೋ, ನಿಲ್ಸೋ! ಎಲ್ಲೂ ಓಡಿಲ್ಲ, ಇಲ್ಲೇ ಐತೆ!" ಎಂದು ಕೂಗುತ್ತಲೇ ವರ್ತಕ ಶಾಲೆಯ ಹಿತ್ತಲಿಗೆ ನುಗ್ಗಿದ. "ಒಲೆ ಹಚ್ರೋ! ಎಸರಿಡ್ರೋ!"

ಎಸರೇನೋ ಕುದಿಯಿತು. ಎಲೆಯೂ ಹಾಸಿದ್ದಾಯಿತು. ಮಕ್ಕಳನ್ನು ಕರೆಯುವುದು ಹೇಗೆ? ಹಸಿದವರು ಬನ್ನಿ ಎಂದರೆ ಒಬ್ಬರೂ ಬರುವುದಿಲ್ಲ. ಅದು ಅವನಿಗೆ ಈಗ ಗೊತ್ತು. ಅವನು ಅಂಗಳದ ನಡುವೆ ನಿಂತು, ಆ ಊರಿನಲ್ಲಿ ಅದುವರೆಗೆ ಯಾವ ದೊಡ್ಡ ಮನುಷ್ಯನೂ ಆಡದ ಮಾತನ್ನು ಗಟ್ಟಿಯಾಗಿ ಆಡಿದ:

"ನನ್ನ ಊಟ ಆಗಿಲ್ಲ! ಬೆಳಿಗ್ಗೆಯಿಂದ ಆಗಿಲ್ಲ! ಹೊಟ್ಟೆ ಹಸಿದು ಸಾಯ್ತಾ ಇದ್ದೀನಿ!"

ಮಕ್ಕಳು ಕಿಟಕಿಯಲ್ಲಿ ಮುತ್ತಿಕೊಂಡವು. ವರ್ತಕ ಹೋಗಿ ಸಾಲಿನ ಮೊದಲ ಎಲೆಗೆ ಕೂತ. ಸಾಲು ತುಂಬಿ ಎಲ್ಲರಿಗೂ ಬಡಿಸುವವರೆಗೆ ಮೊದಲ ಎಲೆಯವನು ತುತ್ತೆತ್ತುವ ಹಾಗಿಲ್ಲ. ಅದು ಎಲ್ಲ ಮಕ್ಕಳಿಗೂ ಗೊತ್ತಿದ್ದ ಪದ್ಧತಿ. "ನೀವು ಬಂದು ಕೂರೋ ತನಕ ನಾನು ಉಣ್ಣೋ ಹಾಗಿಲ್ವಲ್ರೋ! ಬನ್ರೋ, ಬೇಗ ಬನ್ರೋ!"

ಎಲ್ಲರಿಗಿಂತ ಮೊದಲು ಓಡಿ ಬಂದವನು ಯಜಮಾನನ ಮೊಮ್ಮಗ. ಮನೆಯಲ್ಲಿ ರೊಟ್ಟಿ ತಿಂದು ಬಂದವನು, ಪಾಪ, ಶೆಟ್ಟರ ಹೊಟ್ಟೆಗಾಗಿ ಕೂತ. ಅವನ ಹಿಂದೆ ಅವನ ಗೆಳೆಯರು ಕೂತರು. ಅವರು ಕೂತ ಮೇಲೆ ಯಾರಿಗೆ ನಾಚಿಕೆ? ಕುಂಬಾರರ ಹುಡುಗಿ ಬಂದು ಮೊಮ್ಮಗನ ಪಕ್ಕದ ಎಲೆಗೆ ಕೂತಳು. ಸಾಲು ಆ ತುದಿ ಮುಟ್ಟಿತು. ವರ್ತಕ ಮೊದಲ ತುತ್ತು ಎತ್ತಿದ. ಮಕ್ಕಳು ಗೆದ್ದವರ ಹಾಗೆ ಹೋ ಎಂದು ಕೂಗಿದವು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲು ಬರುವಂತಿರಲಿಲ್ಲ. ಬಾಯಿ ತುಂಬ ಮುದ್ದೆಯಿತ್ತು.

ಅಂದಿನಿಂದ ಆ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಗಂಜಿ, ಮಧ್ಯಾಹ್ನ ಎಲ್ಲರಿಗೂ ಎಲೆ. ಕುಂಬಾರರ ಹುಡುಗಿ ಮಣ್ಣು ತುಳಿಯಲು ಹೋಗಲಿಲ್ಲ. ಸ್ವಲ್ಪ ದಿನದಲ್ಲಿ ಅವಳ ದನಿ ಬೀದಿಗೆ ಬಂತು, ವರ್ತಕ ಕಿಟಕಿಯ ಕೆಳಗೆ ಬಂದ. ಯಜಮಾನ ಮಾತ್ರ ಚಾವಡಿಯ ಕಟ್ಟೆಯಿಂದ ಮತ್ತೊಮ್ಮೆ ಕೂಗಿ ಕೇಳಿದ: "ಏನ್ ಶೆಟ್ರೇ, ಮತ್ತೆ ಉಂಡೋರಿಗೂ ಹಾಕೋಕೆ ಶುರುಮಾಡಿದ್ರಂತೆ?"

"ನಿಮ್ಮ ಮೊಮ್ಮಗನ್ನ ಒಂದು ದಿನಾನೂ ತಪ್ಪಿಸಬೇಡಿ ಯಜಮಾನ್ರೇ," ಎಂದ ವರ್ತಕ, ಓಡುತ್ತಲೇ. "ಅವನು ಬರದಿದ್ರೆ ಉಳಿದೋರು ಉಣ್ಣಾಕಿಲ್ಲ!"

ಗುರುಗಳು ಕತೆ ನಿಲ್ಲಿಸಿದರು. ಹಿತ್ತಲಲ್ಲಿ ಮಕ್ಕಳು ಎಲೆ ಎತ್ತುತ್ತಿದ್ದವು. ಶಿಷ್ಯ ಅತ್ತ ನೋಡಿದ.

"ಬುದ್ಧೀ, ಕತೆ ತಿಳಿಯಿತು. ಒಂದು ಅನುಮಾನ ಮಾತ್ರ ಉಳಿಯಿತು. ಆ ಸಾಲಿನಲ್ಲಿ ನಿಜವಾಗಿ ಹಸಿದು ಬಂದವರು ಯಾರು ಯಾರು ಎಂದು ವರ್ತಕ ಆಮೇಲಾದರೂ ಹೇಗೆ ತಿಳಿದುಕೊಂಡ?"

"ತಿಳಿದುಕೊಳ್ಳಲೇ ಇಲ್ಲ ಮಗು, ಅದಕ್ಕೇ ಅವರು ಉಂಡರು," ಎಂದರು ಗುರುಗಳು.