ಖಾಲಿ ಕುರ್ಚಿಯ ಮುಂದಿನ ಟೀ

ಟೈಪಿಸ್ಟಾಗಿ ಸೇರಿ, ಕಡೆಗಾಲಕ್ಕೆ ಗುಮಾಸ್ತರಾದ ನಮ್ಮ ಆಫೀಸಿನ ಗುರುಪಾದಯ್ಯ ಮುಂದಿನ ಬಡ್ತಿಗೆ ಕಾದು ಕಾದು ತೀರಿಹೋದರು. ಈಗಲಾದರೂ ಅದು ಮಂಜೂರಾದರೆ ಹೆಂಡತಿಯ ಪಿಂಚಣಿ ಒಂದಿಷ್ಟು ಹೆಚ್ಚುತ್ತಿತ್ತು. ಆಕೆ ಬಂದು ಕೈಮುಗಿದರೆ, ಹೊಸ ಸಾಹೇಬರು ಬಡ್ತಿಯ ಫೈಲನ್ನು ಪಕ್ಕಕ್ಕೆ ತಳ್ಳಿದರು.

"ನೋಡಮ್ಮ, ಟೈಪಿಸ್ಟರ ವರ್ಗವೇ ಬೇರೆ. ಆ ಹಳೇ ಸರ್ವೀಸೆಲ್ಲ ಲೆಕ್ಕಕ್ಕಿಲ್ಲ. ಗುಮಾಸ್ತನ ಕುರ್ಚಿಗೆ ಬಂದ ದಿನದಿಂದಲೇ ಸೀನಿಯಾರಿಟಿ."

ಬಾಗಿಲಲ್ಲಿ ನಿಂತಿದ್ದ ಜವಾನ ಎಲ್ಲ ಕೇಳಿಸಿಕೊಂಡ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದದ್ದನ್ನೂ ನೋಡಿದ.

ನಮ್ಮಲ್ಲಿ ಟೀ ಕೊಡುವುದೂ ಸೀನಿಯಾರಿಟಿ ಪ್ರಕಾರವೇ. ಮೊದಲ ಲೋಟ ಸಾಹೇಬರಿಗೆ. ಮರುದಿನ ಜವಾನ ಅದನ್ನು ಒಯ್ದು ಗುರುಪಾದಯ್ಯನವರ ಖಾಲಿ ಕುರ್ಚಿಯ ಮುಂದಿಟ್ಟ. ಆಮೇಲೆ ಗುಮಾಸ್ತರಿಗೆಲ್ಲ ಕೊಟ್ಟ. ತಳದಲ್ಲಿ ಉಳಿದ ಗಸಿಯನ್ನು ಬಗ್ಗಿಸಿ ಸಾಹೇಬರಿಗೆ ಕೊಟ್ಟ.

ಸಾಹೇಬರು ಕೆಂಡವಾದರು. "ಏನಯ್ಯ ಇದು, ತಲೆ ಕೆಟ್ಟಿದೆಯಾ?"

"ನೀವು ಹೇಳಿದ ರೂಲೇ ಸಾರ್. ನಿಮ್ಮ ಹಳೇ ಸರ್ವೀಸೆಲ್ಲ ಬೇರೆ ಕಡೇದು. ಈ ಕುರ್ಚಿಗೆ ಬಂದದ್ದು ಹೋದ ತಿಂಗಳು. ಇಲ್ಲಿ ನೀವೇ ಎಲ್ಲರಿಗಿಂತ ಜೂನಿಯರ್ರು."

ಯಾರೋ ಕಿಸಕ್ಕೆಂದರು. ಸಾಹೇಬರು ಖಾಲಿ ಕುರ್ಚಿಯತ್ತ ಕೈ ತೋರಿಸಿದರು. "ಹಾಗಾದ್ರೆ ಸತ್ತವನಿಗೆ ಯಾಕಯ್ಯ ಮೊದಲ ಟೀ?"

"ಅವರದು ವರ್ಗವೇ ಬೇರೆ ಸಾರ್. ಕಾಯೋರ ವರ್ಗ. ಅದರಲ್ಲಿ ಅವರಿಗಿಂತ ಸೀನಿಯರ್ ಯಾರೂ ಇಲ್ಲ."

ನಗು ಅಲ್ಲಿಗೇ ನಿಂತಿತು. ಸಾಹೇಬರು ಪಕ್ಕಕ್ಕೆ ತಳ್ಳಿದ್ದ ಆ ಫೈಲನ್ನು ಎಳೆದುಕೊಂಡು ಮೊದಲ ಹಾಳೆಯಿಂದ ಓದತೊಡಗಿದರು.

ಸಹಿ ಬಿದ್ದ ಮೇಲೆಯೇ ಜವಾನ ಆ ಲೋಟ ತೆಗೆದ. ಟೀ ಆಗಲೇ ತಣ್ಣಗಾಗಿತ್ತು.